ಉಡಿಕೆಯಾಗಿ ಬಂದ ತಾಯಿ, ಜೊತೆಗೆ ಬಂದ ಕೂಸು: ವಾಸದ ಕಾಗದಗಳನ್ನು ಹೇಗೆ ಮಾಡಿಸಿಕೊಳ್ಳಬೇಕು?



2025ರ ಬೇಸಿಗೆಯಲ್ಲಿ ಚಿತ್ತಾಪುರ ತಾಲೂಕಿನ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಠರಾವು ಬರೆದು, ಎಲ್ಲರೂ ಸಹಿ ಮಾಡಿ ಇನ್ನೇನು ಏಳಬೇಕು ಎನ್ನುವಾಗ ಒಬ್ಬ ತಂಗಿ ಪ್ಲಾಸ್ಟಿಕ್ ಚೀಲವೊಂದನ್ನು ಬಿಚ್ಚಿ ನಮ್ಮ ಮುಂದೆ ಇಟ್ಟಳು. ಒಳಗೆ ಅವಳ ಮಗಳ ಕಾಗದಗಳು. "ಅಕ್ಕಾರ, ಇದೊಂದು ನೋಡ್ರಿ. ನಿನ್ನ ಮಗಳಿಗಿ ಮೂರು ಮಂದಿ ಅಪ್ಪಗೋಳು ಅದಾರೇನು ಅಂತ ಕೇಳಿ ನಗ್ತಾರ್ರಿ" ಎಂದಳು. ಹೇಳುವಾಗ ಅವಳೂ ನಕ್ಕಳು, ಆದರೆ ಕಣ್ಣು ತುಂಬಿತ್ತು.

ಕಾಗದ ನೋಡಿದರೆ ಮಾತು ಖರೇ. ಹುಡುಗಿ ಹುಟ್ಟಿದ್ದು 2009ರಲ್ಲಿ, ತಾಂಡೂರಿನಲ್ಲಿ. ಜನನ ಪ್ರಮಾಣ ಪತ್ರದಲ್ಲಿ ಹೆತ್ತ ತಂದೆಯ ಹೆಸರು ಇದೆ. ಆತ 2013ರಲ್ಲಿ ತೀರಿಕೊಂಡ. ತಾಯಿ ಕೂಸನ್ನು ಕಟ್ಟಿಕೊಂಡು ಸೇಡಂ ತಾಲೂಕಿನ ತವರಿಗೆ ಬಂದಳು. ಒಂದನೇ ಇಯತ್ತೆಗೆ ಹೆಸರು ಹಚ್ಚುವಾಗ ಅಜ್ಜ ಕರೆದುಕೊಂಡು ಹೋದ. ಶಾಲೆಯವರು ತಂದೆಯ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಬರೆದುಕೊಂಡರು. 2018ರಲ್ಲಿ ತಾಯಿಗೆ ಉಡಿಕೆಯಾಯಿತು. ಗಂಡನ ಊರಿಗೆ ಬಂದ ಮೇಲೆ ಆಧಾರ್ ಕಾರ್ಡಿನ ವಿಳಾಸ ಬದಲಿಸಿದಾಗ ಹೊಸ ತಂದೆಯ ಹೆಸರು ಬಂತು. ಹತ್ತು ವರ್ಷ ಯಾರೂ ಏನೂ ಕೇಳಲಿಲ್ಲ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಕಲಿಯಲು 371(ಜೆ) ಪ್ರಮಾಣ ಪತ್ರ ಬೇಕು ಎಂದಾಗ ಮೂರೂ ಕಾಗದ ಒಂದೇ ಮೇಜಿನ ಮೇಲೆ ಬಂದವು.

ಇಂಥ ಮನೆಗಳು ನಮ್ಮ ಐದೂ ಕಡೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯಲ್ಲಿ ಇವೆ. ಗಂಡ ತೀರಿದವರು, ಬಿಟ್ಟು ಹೋದವರು, ಬಿಡುಗಡೆ ಪಡೆದವರು ಮತ್ತೆ ಮದುವೆಯಾಗುವುದು ನಮ್ಮ ಭಾಗದಲ್ಲಿ ಹೊಸದೇನಲ್ಲ. ತಾಯಿಗೆ ಮನೆ ಸಿಗುತ್ತದೆ, ಕೂಸಿಗೂ ತಟ್ಟೆಯಲ್ಲಿ ಅನ್ನ ಸಿಗುತ್ತದೆ. ಆದರೆ ಕಚೇರಿಯ ಪುಸ್ತಕದಲ್ಲಿ ಆ ಕೂಸು ಎಲ್ಲಿಯದು, ಯಾರದು ಎಂಬುದು ಹಾಗೇ ಉಳಿದಿರುತ್ತದೆ. ಅದಕ್ಕಾಗಿ ಈ ಸಲದ ಕರಪತ್ರದಲ್ಲಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇವೆ.

ವಾಸ ಎಂದರೆ ಒಂದಲ್ಲ, ಮೂರು

ಜನ ಎಲ್ಲವನ್ನೂ "ರಹವಾಸಿ ಸರ್ಟಿಫಿಕೇಟ್" ಎಂದುಬಿಡುತ್ತಾರೆ. ಅಲ್ಲಿಂದಲೇ ಗೊಂದಲ ಶುರು.

ಆಧಾರ್ ಕಾರ್ಡಿನಲ್ಲಿರುವುದು ಬರೀ ವಿಳಾಸ. ಈಗ ಎಲ್ಲಿ ಇದ್ದೀರಿ ಎಂಬುದನ್ನಷ್ಟೇ ಅದು ಹೇಳುತ್ತದೆ. ಆಧಾರ್ ಸಂಖ್ಯೆ ತಾನಾಗಿಯೇ ಪೌರತ್ವಕ್ಕಾಗಲಿ, ಒಂದು ಪ್ರದೇಶದ ನಿವಾಸಿ ಎಂಬುದಕ್ಕಾಗಲಿ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಕಲಮಿನಲ್ಲೇ ಬರೆದಿದೆ. ಎರಡನೆಯದು ನಾಡಕಚೇರಿಯಲ್ಲಿ ಸಿಗುವ ವಾಸಸ್ಥಳ ದೃಢೀಕರಣ ಪತ್ರ. ಇದನ್ನು ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವು ತಲಾಠಿ ಎಂದು ಕರೆಯುವವರು, ಮತ್ತು ಕಂದಾಯ ನಿರೀಕ್ಷಕರು ವಿಚಾರಣೆ ಮಾಡಿದ ಮೇಲೆ ತಹಸೀಲ್ದಾರರ ಹೆಸರಿನಲ್ಲಿ ಕೊಡುತ್ತಾರೆ. ಮೂರನೆಯದು 371(ಜೆ) ಅರ್ಹತಾ ಪ್ರಮಾಣ ಪತ್ರ. ಇದನ್ನು ಕೊಡುವವರು ಉಪವಿಭಾಗಾಧಿಕಾರಿಗಳು, ಜನ ಎ.ಸಿ. ಸಾಹೇಬರು ಎನ್ನುತ್ತಾರೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕಿನವರಿಗೆ ಆ ಕಚೇರಿ ಸೇಡಂನಲ್ಲೇ ಇದೆ. ನಾಡಕಚೇರಿಯ ವಾಸಪತ್ರ ಕೈಯಲ್ಲಿದೆ, ಇನ್ನು 371(ಜೆ) ಬೇಕಿಲ್ಲ ಎಂದು ಕುಳಿತವರನ್ನು ನಾವು ನೋಡಿದ್ದೇವೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಈ ಮಣ್ಣಿನಲ್ಲಿ "ನೀನು ಇಲ್ಲಿಯವಳೇ?" ಎಂಬ ಪ್ರಶ್ನೆ ಹಳೆಯದು. ನಮ್ಮ ಅಜ್ಜಂದಿರ ಕಾಲಕ್ಕೆ ಇದು ಹೈದರಾಬಾದ್ ಸಂಸ್ಥಾನ. ಆಗ ಸರ್ಕಾರಿ ನೌಕರಿಗೆ ಮುಲ್ಕಿ ಆಗಿರಬೇಕಿತ್ತು. 1919ರ ಮುಲ್ಕಿ ನಿಯಮದ ಪ್ರಕಾರ ಹುಟ್ಟಿನಿಂದ ಮುಲ್ಕಿ ಆಗಬಹುದಿತ್ತು, 15 ವರ್ಷ ವಾಸವಿದ್ದು ಆಗಬಹುದಿತ್ತು, ಮುಲ್ಕಿಯ ಹೆಂಡತಿಯಾದರೂ ಆಗಬಹುದಿತ್ತು. ಹೆಂಡತಿಯ ಜೊತೆ ಬಂದ ಕೂಸಿನ ಮಾತು ಅಲ್ಲಿಯೂ ಇರಲಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಹಾಕುವಾಗ ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಅದೇ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಿತ್ತು, ನೆಂಟಸ್ತಿಕೆ ಕಡಿಯಲಿಲ್ಲ. ಇಂದಿಗೂ ಸೇಡಂನಿಂದ ರೈಲು ಹತ್ತಿದರೆ ತಾಂಡೂರು ಮುಂದೆಯೇ ಇದೆ. ಚಿಂಚೋಳಿಯವರು ಜಹೀರಾಬಾದ್ ಕಡೆ ಹೆಣ್ಣು ಕೊಡುತ್ತಾರೆ, ತರುತ್ತಾರೆ.

ಮುಂದೆ ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ಸಂವಿಧಾನದ 98ನೇ ತಿದ್ದುಪಡಿಯಾಗಿ 371(ಜೆ) ಬಂತು. 2013ರಿಂದ ಜಾರಿಯಲ್ಲಿದೆ. ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗಕ್ಕೆ ಸೇರಿದವರಿಗೆ ಮೀಸಲಾತಿ ಎಂದು ಅದು ಹೇಳುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು, ಇಡೀ ರಾಜ್ಯಕ್ಕೆ ಸೇರಿದ ಸಂಸ್ಥೆಗಳಲ್ಲಿ 100ಕ್ಕೆ 8 ಸೀಟು. ನೌಕರಿಯಲ್ಲಿ ಇಲ್ಲಿಯ ಸಿ ಗುಂಪಿನ ಹುದ್ದೆಗಳಲ್ಲಿ 100ಕ್ಕೆ 80, ಡಿ ಗುಂಪಿನಲ್ಲಿ 85. ಕೂಲಿ ಮಾಡುವವರ ಮಗಳು ನರ್ಸ್ ಆಗುವುದೋ, ಟೀಚರ್ ಆಗುವುದೋ ಎಷ್ಟೋ ಸಲ ಈ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇವೆ.

ಮೊದಲು ಹುಟ್ಟಿದ ಕಾಗದ

ಯಾವ ಕಚೇರಿಗೆ ಹೋಗುವ ಮೊದಲೂ ಜನನ ಪ್ರಮಾಣ ಪತ್ರ ಕೈಯಲ್ಲಿರಲಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಊರಿನಲ್ಲಿ, ಈಗ ಇರುವ ಊರಿನಲ್ಲಿ ಅಲ್ಲ. ತಾಂಡೂರಿನಲ್ಲಿ ಹುಟ್ಟಿದ್ದರೆ ತಾಂಡೂರಿಗೇ ಹೋಗಬೇಕು. ತಾಯಿ ದುಡಿಯಲು ಹೋದಾಗ ಪುಣೆಯಲ್ಲೋ ಮುಂಬಯಿಯಲ್ಲೋ ಹೆತ್ತಿದ್ದರೆ ಅಲ್ಲಿಯ ಪಾಲಿಕೆಗೆ ಹೋಗಬೇಕು. ಇಲ್ಲಿ ಯಾರಾದರೂ "ನಾ ಮಾಡಿಸಿ ಕೊಡ್ತೀನಿ, ಇಷ್ಟು ಕೊಡ್ರಿ" ಎಂದರೆ ನಂಬಬೇಡಿ. ಹಾಗೆ ಮಾಡಿಸಿದ ಕಾಗದ ಮುಂದೆ ಕೂಸಿನ ಕೊರಳಿಗೇ ಬೀಳುತ್ತದೆ.

ಹುಟ್ಟಿ 21 ದಿನದೊಳಗೆ ಬರೆಸಿದ್ದರೆ ಸರಳ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ, ಅಂದರೆ 2023ರ ಅಕ್ಟೋಬರ್ 1ರಿಂದ, ಈ ಆದೇಶ ಮಾಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅವರು ನೇಮಿಸಿದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಇನ್ನು ಕೆಲವರ ಜನನ ನೋಂದಣಿ ಆಗಿರುತ್ತದೆ, ಕೂಸಿನ ಹೆಸರು ಮಾತ್ರ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹೆಸರಿಡುವ ಮೊದಲೇ ಬರೆದಿರುತ್ತಾರಲ್ಲ. ಅದನ್ನು ಸೇರಿಸಲು 15 ವರ್ಷದವರೆಗೆ ಅವಕಾಶ ಇದೆ, ಒಂದು ವರ್ಷದ ನಂತರ ಸ್ವಲ್ಪ ತಡದ ಶುಲ್ಕ ಕಟ್ಟಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗಂತೂ ಹುಟ್ಟಿದ ದಿನಕ್ಕೆ ಇದೊಂದೇ ಪುರಾವೆ ಎಂದು ತಿಳಿಯಿರಿ.

ಕಾಗದ ಸಿಕ್ಕ ಮೇಲೆ ಇನ್ನೊಂದು ತೊಡಕು ಕಾಣಿಸಬಹುದು. 2009ರ ತಾಂಡೂರಿನ ಕಾಗದದಲ್ಲಿ ಆಂಧ್ರ ಪ್ರದೇಶ, ರಂಗಾರೆಡ್ಡಿ ಜಿಲ್ಲೆ ಎಂದಿರುತ್ತದೆ. 2014ರ ಜೂನ್ 2ರಿಂದ ಅದು ತೆಲಂಗಾಣ, 2016ರಿಂದ ವಿಕಾರಾಬಾದ್ ಜಿಲ್ಲೆ. ನಮ್ಮ ಕಡೆಯೂ ಕಡಿಮೆ ಇಲ್ಲ: ಗುಲ್ಬರ್ಗಾ 2014ರಲ್ಲಿ ಕಲಬುರಗಿ ಆಯಿತು, ಶಹಾಬಾದ ಮತ್ತು ಕಾಳಗಿ 2018ರಲ್ಲಿ ಹೊಸ ತಾಲೂಕುಗಳಾದವು, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಊರು ಅಲ್ಲೇ ಇದೆ, ಮೇಲಿನ ಬೋರ್ಡು ಮಾತ್ರ ಬದಲಾಗಿದೆ. ಗುಮಾಸ್ತರು ಹೊಂದುವುದಿಲ್ಲ ಎಂದರೆ ಗಾಬರಿಯಾಗದೆ, ಅರ್ಜಿಯಲ್ಲಿ "ಹಿಂದೆ ಚಿತ್ತಾಪುರ ತಾಲೂಕು, ಈಗ ಶಹಾಬಾದ ತಾಲೂಕು" ಎಂದು ಎರಡನ್ನೂ ಬರೆಯಿರಿ.

ತಂದೆ ಎಂಬ ಜಾಗದಲ್ಲಿ ಏನು ಬರೆಸಬೇಕು?

ಇಲ್ಲೇ ನಮ್ಮ ಹೆಣ್ಣುಮಕ್ಕಳು ಹೆಚ್ಚು ತಪ್ಪುವುದು. ತಪ್ಪು ಎಂದರೆ ಅವರ ತಪ್ಪಲ್ಲ. ಹೊಸ ಗಂಡನಿಗೆ ಬೇಜಾರಾಗಬಾರದು, ಕೂಸಿಗೆ ಶಾಲೆಯಲ್ಲಿ ಯಾರೂ ಆಡಿಕೊಳ್ಳಬಾರದು ಎಂದು ಹೊಸ ತಂದೆಯ ಹೆಸರು ಬರೆಸುತ್ತಾರೆ. ಎಷ್ಟೋ ಗಂಡಸರು ತಾವಾಗಿಯೇ "ನನ್ನ ಹೆಸರೇ ಹಚ್ಚಿಸು" ಎನ್ನುತ್ತಾರೆ, ಅದು ಅವರ ದೊಡ್ಡ ಮನಸ್ಸು. ಆದರೆ ಜನನ ಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಆದರೆ ಮುಂದೆ ತೊಂದರೆ ಕೂಸಿಗೇ.

ದತ್ತಕ ಆಗದೇ ಇದ್ದರೆ ತಂದೆಯ ಜಾಗದಲ್ಲಿ ಜನನ ಪತ್ರದಲ್ಲಿ ಇರುವ ಹೆಸರನ್ನೇ ಬರೆಸಿ. ತಾಯಿಯ ಜಾಗದಲ್ಲಿ ನಿಮ್ಮ ಹೆಸರು. ಹೊಸ ಗಂಡನ ಹೆಸರನ್ನು ಪೋಷಕರು ಎಂಬ ಜಾಗದಲ್ಲಿ ಬರೆಸಬಹುದು. ಹಾಗೆ ಬರೆಸಿದರೆ ಆತನ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ.

ಸಹಿ ಯಾರದು? ಇದಕ್ಕೆ ಕಾನೂನು ಸ್ಪಷ್ಟ ಇದೆ. ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ 1956ರ ಕಾಯ್ದೆಯಲ್ಲಿ, ಸಹಜ ಪಾಲಕರು ಎಂದು ಹೇಳುವಾಗ ತಂದೆ ಎಂದರೆ ಮಲತಂದೆ ಅಲ್ಲ, ತಾಯಿ ಎಂದರೆ ಮಲತಾಯಿ ಅಲ್ಲ ಎಂದು ಬಿಡಿಸಿ ಬರೆದಿದ್ದಾರೆ. ಹೆತ್ತ ತಂದೆ ಇಲ್ಲದಿದ್ದಾಗ ತಾಯಿಯೇ ಪಾಲಕಳು. ಆದ್ದರಿಂದ "ನಿಮ್ಮ ಮನಿಯವರನ್ನ ಕರ್ಕೊಂಡು ಬರ್ರಿ, ಅವರೇ ಸಹಿ ಮಾಡಬೇಕು" ಎಂದು ಯಾರಾದರೂ ಹೇಳಿದರೆ, ಈ ಕೂಸಿಗೆ ಪಾಲಕಳು ನಾನೇ ಎಂದು ಧೈರ್ಯವಾಗಿ ಹೇಳಿ. 2022ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಮತ್ತು ಕೃಷ್ಣ ಮುರಾರಿ ಅವರ ಪೀಠ ಇಂಥದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಗಂಡ ತೀರಿದ ನಂತರ ಮರುಮದುವೆಯಾದ ತೆಲುಗು ನಾಡಿನ ಒಬ್ಬ ತಾಯಿ, ಮೊದಲಿನ ಗಂಡನ ತಂದೆತಾಯಿಯೊಡನೆ ಕೂಸಿನ ಅಡ್ಡಹೆಸರಿಗಾಗಿ ಕೋರ್ಟು ಹತ್ತಬೇಕಾಗಿ ಬಂದಿತ್ತು. ಕೂಸಿನ ಅಡ್ಡಹೆಸರು ಏನಿರಬೇಕು ಎಂದು ತೀರ್ಮಾನಿಸುವ ಹಕ್ಕು ತಾಯಿಗಿದೆ, ಆಕೆ ಕೂಸನ್ನು ದತ್ತಕ ಕೊಡಲೂಬಹುದು ಎಂದು ಪೀಠ ಹೇಳಿತು. ಕಾಗದಗಳಲ್ಲಿ ಹೊಸ ಗಂಡನನ್ನು ಮಲತಂದೆ ಎಂದೇ ತೋರಿಸಬೇಕು ಎಂದಿದ್ದ ಕೆಳಗಿನ ಆದೇಶವನ್ನು ಅದು ಒಪ್ಪಲಿಲ್ಲ. ಕೂಸಿನ ಮನಸ್ಸಿಗೆ ಅದು ಎಷ್ಟು ನೋವು ಕೊಡುತ್ತದೆ ಎಂದು ಕಟುವಾಗಿಯೇ ಹೇಳಿತು.

ಹಾಗಾದರೆ ದತ್ತಕ ಮಾಡಿಬಿಟ್ಟರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಅವಸರ ಬೇಡ. ಹಿಂದೂ ದತ್ತಕ ಕಾಯ್ದೆ 1956ರ ಪ್ರಕಾರ ಸಾಮಾನ್ಯವಾಗಿ ಕೂಸಿಗೆ 15 ವರ್ಷ ತುಂಬಿರಬಾರದು. ಗಂಡು ಕೂಸನ್ನು ತೆಗೆದುಕೊಳ್ಳುವವನಿಗೆ ಆಗಲೇ ಮಗ ಇರಬಾರದು, ಹೆಣ್ಣು ಕೂಸನ್ನು ತೆಗೆದುಕೊಳ್ಳುವವನಿಗೆ ಮಗಳು ಇರಬಾರದು. ಗಂಡಸು ಹೆಣ್ಣು ಕೂಸನ್ನು ತೆಗೆದುಕೊಳ್ಳುವಾಗ ಇಬ್ಬರ ನಡುವೆ 21 ವರ್ಷದ ಅಂತರ ಬೇಕು. ಕ್ರೈಸ್ತರಿಗೆ, ಮುಸಲ್ಮಾನರಿಗೆ ಆ ಕಾಯ್ದೆ ಬರುವುದಿಲ್ಲ. ಅವರಿಗೂ, ಬೇಕೆಂದರೆ ಎಲ್ಲರಿಗೂ, ಬಾಲನ್ಯಾಯ ಕಾಯ್ದೆ 2015ರ ದಾರಿ ಇದೆ. 2022ರ ದತ್ತಕ ನಿಯಮಗಳಲ್ಲಿ ಮಲತಂದೆ, ಮಲತಾಯಿ ದತ್ತಕ ತೆಗೆದುಕೊಳ್ಳುವ ಕ್ರಮವನ್ನೇ ಬೇರೆಯಾಗಿ ಹೇಳಿದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಆದೇಶ ಮಾಡುವವರು 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳು.

ಅವಸರ ಬೇಡ ಎಂದದ್ದು ಹೊಲದ ಸಲುವಾಗಿ. ಸತ್ತ ತಂದೆಯ ಆಸ್ತಿಯಲ್ಲಿ ಮಗ, ಮಗಳು ಮೊದಲ ದರ್ಜೆಯ ವಾರಸುದಾರರು. ತಾಯಿ ಉಡಿಕೆಯಾದಳು ಎಂದು ಆ ಹಕ್ಕು ಹೋಗುವುದಿಲ್ಲ. ಆದರೆ ಕಾಗದದಲ್ಲೆಲ್ಲ ಬೇರೆ ತಂದೆಯ ಹೆಸರಿದ್ದರೆ, ನಾಳೆ ವಾರಸಾ ಮಾಡಿಸಲು ಹೋದಾಗ ಚಿಕ್ಕಪ್ಪ ದೊಡ್ಡಪ್ಪಂದಿರು "ಇದು ನಮ್ಮ ಅಣ್ಣನ ಕೂಸೇ ಅಲ್ಲ" ಎನ್ನಲು ನಾವೇ ಸಾಕ್ಷಿ ಬರೆದುಕೊಟ್ಟಂತಾಗುತ್ತದೆ. ಇತ್ತ ಮಲತಂದೆಯ ಆಸ್ತಿಗೆ, ದತ್ತಕವಾಗದ ಕೂಸು ಆ ಕಾಯ್ದೆಯಲ್ಲಿ ಮಗ ಮಗಳ ಸಾಲಿಗೆ ಬರುವುದಿಲ್ಲ. ಎರಡೂ ಕಡೆ ಹೋಯಿತು. ದತ್ತಕ ಆಗುವ ಮುಂಚೆಯೇ ಕೂಸಿನ ಪಾಲಿಗೆ ಬಂದ ಆಸ್ತಿ ಅದರದೇ ಆಗಿ ಉಳಿಯುತ್ತದೆ. ಆದ್ದರಿಂದ ದತ್ತಕ ಮಾಡುವವರು ಮೊದಲು ಹೆತ್ತ ತಂದೆಯ ಪಹಣಿಯಲ್ಲಿ ಕೂಸಿನ ಹೆಸರು ಹಚ್ಚಿಸಿ, ಆಮೇಲೆ ಮುಂದಿನ ಮಾತು ಆಡಿರಿ.

ಜಾತಿ ಪ್ರಮಾಣ ಪತ್ರದ ಬಗ್ಗೆಯೂ ಇದೇ ಎಚ್ಚರ. ಜಾತಿ ಹುಟ್ಟಿನಿಂದ ಬರುತ್ತದೆ, ತಾಯಿಯ ಎರಡನೇ ಮದುವೆಯಿಂದ ಬದಲಾಗುವುದಿಲ್ಲ. ಹೊಸ ಗಂಡನ ಜಾತಿ ಬೇರೆಯಿದ್ದರೆ ಆತನ ಕಾಗದ ಲಗತ್ತಿಸಿ ಕೂಸಿಗೆ ಮಾಡಿಸಬೇಡಿ.

ಶಾಲೆ, ರೇಷನ್ ಕಾರ್ಡು, ನಾಡಕಚೇರಿ

ಊರು ಬದಲಾದಾಗ ಕೂಸಿನ ಓದು ನಿಲ್ಲಬಾರದು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ವಯಸ್ಸಿನ ಪುರಾವೆ ಇಲ್ಲ ಎಂದಾಗಲಿ, ಹಿಂದಿನ ಶಾಲೆಯ ಟಿ.ಸಿ. ಬಂದಿಲ್ಲ ಎಂದಾಗಲಿ ಎಂಟನೇ ಇಯತ್ತೆಯವರೆಗೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಮೊದಲು ಕೂಸನ್ನು ಕೂರಿಸಿ, ಕಾಗದ ಆಮೇಲೆ ತನ್ನಿರಿ. ಟಿ.ಸಿ. ತೆಲುಗಿನಲ್ಲಿದ್ದರೆ ಕನ್ನಡದ ಅನುವಾದ ಕೂಡಿಸಿ ಕೊಡಿ. ಹೆಸರು ತಿದ್ದುವುದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟುವ ಮೊದಲೇ ಮುಖ್ಯೋಪಾಧ್ಯಾಯರ ಹತ್ತಿರ ತಿದ್ದಿಸಿ. ಅಂಕಪಟ್ಟಿ ಬಂದ ಮೇಲೆ ಮಂಡಳಿಯವರೆಗೆ ಹೋಗಬೇಕು, ಓಡಾಟ ಬಹಳ.

ಕೂಸು ಇಲ್ಲಿ ಓದಿದ ಒಂದೊಂದು ವರ್ಷವೂ ವಾಸದ ಪುರಾವೆಯೇ. ಮುಂದೆ ಸಿ.ಇ.ಟಿ. ಬರೆಯುವವರು ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿದ್ದನ್ನು ವ್ಯಾಸಂಗ ಪತ್ರದಿಂದ ತೋರಿಸಬೇಕಾಗುತ್ತದೆ. ಶಾಲೆ ಬಿಡುವಾಗಲೆಲ್ಲ ಆ ಪತ್ರ ತೆಗೆದುಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಇಟ್ಟುಕೊಳ್ಳಿ.

ರೇಷನ್ ಕಾರ್ಡಿನಲ್ಲಿ ಒಬ್ಬರ ಹೆಸರು ಒಂದೇ ಕಡೆ ಇರಬೇಕು. ಮೊದಲಿನ ಗಂಡನ ಮನೆಯ ಕಾರ್ಡಿನಲ್ಲೋ ತವರಿನ ಕಾರ್ಡಿನಲ್ಲೋ ಹೆಸರಿದ್ದರೆ ಅಲ್ಲಿ ತೆಗೆಸಿದ ಮೇಲೆಯೇ ಇಲ್ಲಿ ಸೇರುತ್ತದೆ. ಅಲ್ಲಿಯವರು ಸಹಿಗೆ ಸತಾಯಿಸಿದರೆ ಸಂಘದ ಇಬ್ಬರು ಜೊತೆಗೆ ಹೋಗಿ. ಒಬ್ಬಳೇ ಹೋದರೆ ಹಳೆಯ ಜಗಳವೇ ಎದ್ದು ನಿಲ್ಲುತ್ತದೆ. ಆಧಾರ್‌ನಲ್ಲಿ ಕೂಸಿಗೆ 5 ವರ್ಷಕ್ಕೆ ಮತ್ತು 15 ವರ್ಷಕ್ಕೆ ಬೆರಳಿನ ಗುರುತು ಹೊಸದಾಗಿ ಕೊಡಬೇಕು. ಆ ಹೊತ್ತಿಗೇ ಹೆಸರು, ವಿಳಾಸ ಸರಿ ಇದೆಯೇ ನೋಡಿಕೊಳ್ಳಿ.

ಇಷ್ಟಾದ ಮೇಲೆ ನಾಡಕಚೇರಿ. ವಾಸಪತ್ರದ ಅರ್ಜಿ ಕೊಟ್ಟಾಗ ಸಕಾಲದ ಚೀಟಿ ಕೊಡುತ್ತಾರೆ, ಅದರ ಮೇಲೆ 15 ಅಂಕಿಯ ನಂಬರು ಇರುತ್ತದೆ. ಚೀಟಿ ಇಲ್ಲದೆ ಹೊರಗೆ ಬರಬೇಡಿ. 2011ರ ಆ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ನಂಬರು ಹೇಳಿ ಕೇಳಿದಾಗ ಮಾತಾಡಿಸುವ ರೀತಿಯೇ ಬೇರೆ, ನಾವು ಕಂಡಿದ್ದೇವೆ. ತಲಾಠಿಯವರು ವಿಚಾರಣೆಗೆ ಬಂದಾಗ ತಾಯಿ ಮನೆಯಲ್ಲಿರಬೇಕು. ಹೊಲಕ್ಕೆ ಹೋಗಿದ್ದರೆ ಪಕ್ಕದವರು "ಆ ಕೂಸು ಇವರದಲ್ಲ, ಅಲ್ಲಿಂದ ಬಂದದ" ಎಂದು ಸಹಜವಾಗಿ ಹೇಳಿಬಿಡುತ್ತಾರೆ, ವರದಿಯಲ್ಲಿ ಅದೇ ಬರುತ್ತದೆ.

371(ಜೆ) ಅರ್ಜಿಗೆ ಇನ್ನೂ ಹೆಚ್ಚು ತಯಾರಿ ಬೇಕು. ಕೂಸು ಈ ಭಾಗದಲ್ಲೇ ಹುಟ್ಟಿದ್ದರೆ ಜನನ ಪತ್ರವೇ ದೊಡ್ಡ ಆಧಾರ. ಹೊರಗೆ ಹುಟ್ಟಿದ್ದರೆ ಬರೀ ಮಲತಂದೆಯ ಕಾಗದದ ಮೇಲೆ ಅರ್ಜಿ ನಿಲ್ಲಿಸಬೇಡಿ. ನೀವು, ಅಂದರೆ ತಾಯಿ, ಈ ಭಾಗದವರು ಎಂಬುದಕ್ಕೆ ನಿಮ್ಮದೇ ಶಾಲೆಯ ದಾಖಲಾತಿ ಉತಾರ, ನಿಮ್ಮ ಜನನ ಪತ್ರವಿದ್ದರೆ ಅದು, ನಿಮ್ಮ ತಂದೆಯ ಪಹಣಿ ಅಥವಾ ಹಳೆಯ ಮತದಾರರ ಪಟ್ಟಿ, ಇವನ್ನು ಕೂಡಿಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ತಾಯಿಗೂ ಆ ಶಾಲೆಯ ದೊಡ್ಡ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ಮೂವತ್ತು ವರ್ಷದ ಹಿಂದೆ ಯಾರೋ ಮಾಸ್ತರು ಬರೆದ ಆ ಒಂದು ಸಾಲು ಇವತ್ತು ಮಗಳ ಕೈ ಹಿಡಿಯುತ್ತದೆ. ಜೊತೆಗೆ ಮೊದಲಿನ ಗಂಡನ ಮರಣ ಪತ್ರ ಅಥವಾ ಕೋರ್ಟಿನ ವಿಚ್ಛೇದನ ಆದೇಶ, ಈಗಿನ ಮದುವೆಯ ನೋಂದಣಿ ಪತ್ರ. ಪಂಚರು ಬರೆದುಕೊಟ್ಟ ಸೋಡಚೀಟಿಯನ್ನು ಕಚೇರಿಗಳು ಸುಲಭವಾಗಿ ಒಪ್ಪುವುದಿಲ್ಲ. ಅದೊಂದೇ ಇದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಉಚಿತ. ಉಡಿಕೆ ಮದುವೆಯನ್ನು ನೋಂದಣಿ ಮಾಡಿಸುವವರೇ ಕಡಿಮೆ. ಗುಡಿಯ ಮುಂದೆಯೋ ಮನೆಯಲ್ಲೋ ಸೀರೆ ಉಡಿಸಿ ಮುಗಿಸುತ್ತಾರೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಡವಾಗಿಯಾದರೂ ಮಾಡಿಸಿ. ಚರ್ಚಿನಲ್ಲಿ ಮದುವೆಯಾದವರು ರಿಜಿಸ್ಟರಿನ ಪ್ರತಿ ಪಡೆದುಕೊಳ್ಳಿ.

ಕೂಸನ್ನು ಪರದೇಶಕ್ಕೆ ಕರೆದೊಯ್ಯುವುದಾದರೆ

ವಾಡಿಯ ಸಭೆಯಲ್ಲಿ ಒಬ್ಬ ಅಕ್ಕ ಕೇಳಿದರು: "ನಮ್ಮ ತಂಗಿ ಮಗಳು ಎರಡನೇ ಮದುವಿ ಆಗ್ಯಾಳ್ರಿ, ಗಂಡ ಅಮೇರಿಕಾದ ಪೌರ. ಮೊದಲಿನ ಗಂಡನ ಮಗ ಒಬ್ಬ ಅದಾನ. ಅವನ್ನ ಬಿಟ್ಟು ಹೋಗಬೇಕೇನ್ರಿ?" ನಮ್ಮ ಸಂಘಗಳಿಗೆ ಇದು ದಿನದ ಮಾತಲ್ಲ. ಆದರೂ ಕಾರ್ಖಾನೆ ಊರುಗಳಿಂದ ಮಕ್ಕಳು ಓದಿ ಎಲ್ಲೆಲ್ಲಿಗೋ ಹೋಗುತ್ತಿದ್ದಾರೆ, ತಿಳಿದಿರಲಿ.

ಬಿಟ್ಟು ಹೋಗಬೇಕಾಗಿಲ್ಲ. ಅಮೇರಿಕಾದ ವಲಸೆ ಕಾನೂನಿನಲ್ಲಿ ಮಲಮಗುವೂ ಮಗುವೇ. ಒಂದು ಷರತ್ತಿದೆ: ತಾಯಿ ಮತ್ತು ಮಲತಂದೆಯ ಮದುವೆ ಕೂಸಿಗೆ 18 ವರ್ಷ ತುಂಬುವ ಮೊದಲು ಆಗಿರಬೇಕು. ದತ್ತಕ ಬೇಕಿಲ್ಲ. ಕೂಸು 21ರ ಒಳಗಿದ್ದು ಮದುವೆಯಾಗಿರದಿದ್ದರೆ ವರ್ಷಗಟ್ಟಲೆ ಸರದಿಯೂ ಇಲ್ಲ. ಆದರೆ ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಹೆಂಡತಿಗೆ ಅರ್ಜಿ ಹಾಕಿದರೆ ಕೂಸು ತಾನಾಗಿ ಅದರಲ್ಲಿ ಬರುತ್ತದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಪೌರನಾದ ಗಂಡ ಹೆಂಡತಿಗೆ ಒಂದು, ಒಂದೊಂದು ಕೂಸಿಗೂ ಬೇರೆ ಬೇರೆ ಐ-130 ನಮೂನೆ ತುಂಬಬೇಕು. ಒಂದು ಮರೆತರೆ ತಾಯಿಯ ವೀಸಾ ಬರುತ್ತದೆ, ಕೂಸಿನದು ಇರುವುದಿಲ್ಲ.

ಲಗತ್ತಿಸುವ ಕಾಗದಗಳು ನೋಡಿದರೆ ನಮ್ಮ ತಾಲೂಕು ಕಚೇರಿಯವೇ: ಕೂಸಿನ ಜನನ ಪತ್ರ, ತಾಯಿ ಮತ್ತು ಮಲತಂದೆಯ ಮದುವೆ ಪತ್ರ, ಇಬ್ಬರ ಹಿಂದಿನ ಮದುವೆಗಳು ಮುಗಿದವು ಎಂಬುದಕ್ಕೆ ಮರಣ ಪತ್ರ ಅಥವಾ ವಿಚ್ಛೇದನದ ಆದೇಶ. ಅಲ್ಲಿಯೂ ಸೋಡಚೀಟಿ ಒಂದೇ ಇದ್ದರೆ ತೊಡಕು. ಹೆತ್ತ ತಂದೆ ಬದುಕಿದ್ದರೆ ಕೂಸನ್ನು ಕರೆದೊಯ್ಯುವ ಬಗ್ಗೆ ಆತನ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಮೊದಲೇ ಪಡೆದುಕೊಳ್ಳುವುದು ಒಳ್ಳೆಯದು. ಮದುವೆಯಾಗಿ ಎರಡು ವರ್ಷ ತುಂಬದೆ ಅಲ್ಲಿಗೆ ಕಾಲಿಟ್ಟರೆ ಎರಡು ವರ್ಷದ ಷರತ್ತಿನ ವಾಸಪತ್ರ ಕೊಡುತ್ತಾರೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತು ತೆಗೆಸಲು ಮತ್ತೆ ಅರ್ಜಿ ಹಾಕಬೇಕು. ಮಲತಂದೆ ಪೌರನೆಂದು ಕೂಸು ಪೌರನಾಗುವುದಿಲ್ಲ, ದತ್ತಕ ಆಗಿದ್ದರೆ ಮಾತ್ರ ಆ ದಾರಿ. ಇಲ್ಲವೆಂದರೆ ಮುಂದೆ ತಾಯಿ ಪೌರಳಾದಾಗ ಆಕೆಯ ಮೂಲಕ, ಅದೂ 18ರ ಒಳಗೆ.

ನಮ್ಮ ದೇಶದ ಪಾಸ್‌ಪೋರ್ಟಿಗಾದರೋ 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ತಂದೆ, ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು. ತಾಯಿಯ ಹೆಸರೊಂದೇ ಇರುವ ಪಾಸ್‌ಪೋರ್ಟು ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಇನ್ನು ನಮ್ಮ ಚಿತ್ತಾಪುರದ ತಂಗಿಯ ಮಾತು. ಜನನ ಪತ್ರ ಮೊದಲೇ ಇತ್ತು. ಮರಣ ಪತ್ರಕ್ಕೆ ಸಂಘದ ಇಬ್ಬರು ಅವಳ ಜೊತೆ ತಾಂಡೂರಿಗೆ ರೈಲಿನಲ್ಲಿ ಹೋಗಿ ಬಂದರು, ಖರ್ಚು ಸಂಘದ ಸಾಲದಿಂದ. ಉಡಿಕೆ ಮದುವೆ ಏಳು ವರ್ಷದ ನಂತರ ನೋಂದಣಿಯಾಯಿತು. ಸಾಕ್ಷಿ ಹಾಕಿದವನು ಅವಳ ಭಾವ. ತಾನು ಓದಿದ ಸೇಡಂ ತಾಲೂಕಿನ ಶಾಲೆಯಲ್ಲಿ ಅವಳ ಹೆಸರು ಸಿಕ್ಕಿತು, ಐದನೇ ಇಯತ್ತೆಯವರೆಗೆ. ಅಂಕಪಟ್ಟಿಯಲ್ಲಿ ಅಜ್ಜನ ಹೆಸರು ತೆಗೆದು ತಂದೆಯ ಹೆಸರು ಹಾಕಲು ಶಾಲೆಯಿಂದ ಮಂಡಳಿಗೆ ಪ್ರಸ್ತಾವ ಹೋಗಿದೆ. "ನನ್ನ ಹೆಸರು ತೆಗೀತೀರೇನು?" ಎಂದು ಅಜ್ಜ ಒಂದು ದಿನ ಮುನಿಸಿಕೊಂಡಿದ್ದನಂತೆ. ಮಲತಂದೆ ಮಾತ್ರ ಅರ್ಜಿಯ ಜೆರಾಕ್ಸುಗಳನ್ನು ತಾನೇ ಮಾಡಿಸಿಕೊಂಡು ಬಂದ, ಪೋಷಕರ ಜಾಗದಲ್ಲಿ ಸಹಿಯನ್ನೂ ಮಾಡಿದ. ಈ ಕರಪತ್ರ ಅಚ್ಚಿಗೆ ಹೋಗುವ ಹೊತ್ತಿಗೆ 371(ಜೆ) ಅರ್ಜಿ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿದೆ. ಚೀಟಿಯ ನಂಬರನ್ನು ಅವಳು ಸಂಘದ ಠರಾವು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ.